ಹಿಂದಿನ ಕೆಲಸಕ್ಕೂ ಪಾಳಿ ಕೊಟ್ಟ ಡೈಕ್‌ಸ್ಟ್ರಾ

ಎಡ್ಸ್‌ಗರ್ ಡೈಕ್‌ಸ್ಟ್ರಾ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಪರೀಕ್ಷೆಗೆ ಓದಿದ ಹತ್ತಿರದ ದಾರಿಯ ಅಲ್ಗಾರಿದಮ್. ಆದರೆ ನಾವು ಹಾಡು ಹಚ್ಚಿ, ಕೋಡ್ ಬರೀತಾ, ಹಿಂದೆ ಡೌನ್‌ಲೋಡ್ ನಡೆಸ್ತೀವಲ್ಲ, ಅದರ ಬೇರಿನಲ್ಲೂ ಅವರ ದುಡಿಮೆ ಐತಿ.

ಹುಟ್ಟಿದ್ದು 1930ರ ಮೇ 11ರಂದು, ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ. ತಂದೆ ರಸಾಯನಶಾಸ್ತ್ರಜ್ಞ, ತಾಯಿ ಗಣಿತ ಬಲ್ಲವರು. ಲೈಡನ್‌ನಲ್ಲಿ ಭೌತವಿಜ್ಞಾನ ಓದುತ್ತಿದ್ದಾಗಲೇ, 1952ರಲ್ಲಿ, ಆಮ್‌ಸ್ಟರ್‌ಡ್ಯಾಮ್‌ನ ಗಣಿತ ಕೇಂದ್ರದಲ್ಲಿ ಪ್ರೋಗ್ರಾಮರ್ ಆದರು. 1957ರಲ್ಲಿ ಮದುವೆ ನೋಂದಣಿಗೆ ಹೋದರೆ, ಅಂಥ ಉದ್ಯೋಗವೇ ಇಲ್ಲ ಅಂತ ಅಧಿಕಾರಿಗಳು ಒಪ್ಪಲಿಲ್ಲ. ಭೌತವಿಜ್ಞಾನಿ ಎಂದು ಬರೆಸಬೇಕಾಯ್ತು.

ಆಗಿನ ಕಂಪ್ಯೂಟರ್ ಒಂದು ಸಲಕ್ಕೆ ಒಂದೇ ಕೆಲಸ ಮಾಡ್ತಿತ್ತು. ಪ್ರಿಂಟರ್ ಸಾವಕಾಶ ಅಚ್ಚು ಹಾಕುವಷ್ಟು ಹೊತ್ತೂ ಪ್ರೊಸೆಸರ್ ಕೈಕಟ್ಟಿ ಕೂರ್ತಿತ್ತು. ಸಹೋದ್ಯೋಗಿಗಳಾದ ಲೂಪ್‌ಸ್ಟ್ರಾ ಮತ್ತು ಸ್ಕೋಲ್ಟೆನ್, ಎಕ್ಸ್1 ಯಂತ್ರಕ್ಕೆ ಇಂಟರಪ್ಟ್ ಸೇರಿಸೋಣ ಅಂದರು. ಪ್ರೋಗ್ರಾಮ್ ತನ್ನ ಪಾಡಿಗೆ ಓಡಲಿ, ಪ್ರಿಂಟರ್ ಬಿಡುವಾದಾಗ ತಾನೇ ಕರೆಯಲಿ ಅನ್ನೋದು ಅವರ ಲೆಕ್ಕ. ಡೈಕ್‌ಸ್ಟ್ರಾ ಹೆದರಿದರು. ಕರೆ ಯಾವ ಕ್ಷಣಕ್ಕೆ ಬರ್ತೈತೋ ಗೊತ್ತಿಲ್ಲ. ಇವತ್ತು ಕಂಡ ತಪ್ಪು ನಾಳೆ ಹುಡುಕಿದರೆ ಸಿಗಲಿಕ್ಕಿಲ್ಲ. ಕೊನೆಗೆ ಒಪ್ಪಿ, ಅದನ್ನು ನಿಭಾಯಿಸುವ ಪ್ರೋಗ್ರಾಮ್ ಬರೆದು, 1959ರಲ್ಲಿ ಅದರ ಮೇಲೆಯೇ ಡಾಕ್ಟರೇಟ್ ಪಡೆದರು.

1962ರಲ್ಲಿ ಐಂಡ್‌ಹೋವನ್‌ಗೆ ಹೋದ ಮೇಲೆ ಪ್ರಶ್ನೆ ಇನ್ನೂ ದೊಡ್ಡದಾಯ್ತು: ಹಲವು ಕೆಲಸ ಒಟ್ಟಿಗೆ ಬಂದರೆ ಪಾಳಿ ಯಾರಿಗೆ? ನಮ್ಮ ರಬಕವಿ-ಬನಹಟ್ಟಿಯ ನೇಕಾರರ ಮನೆ ನೆನೆಸಿಕೊಳ್ರಿ. ಎದುರಿಗೆ ಕಾಣೋದು ಮಗ್ಗ; ಒಳಗೆ ಕಂಡಿಕೆ ಸುತ್ತುವ ಕೆಲಸ. ಮಗ್ಗವೇ ಮುಖ್ಯ ಅಂತ ಎಲ್ಲರೂ ಅದರ ಮುಂದೆಯೇ ನಿಂತರೆ, ಲಾಳಿಯೊಳಗಿನ ನೂಲು ತೀರಿದೊಡನೆ ಮಗ್ಗವೂ ನಿಲ್ತೈತಿ.

1968ರಲ್ಲಿ ಅವರು ವಿವರಿಸಿದ ಟಿಎಚ್‌ಇ ವ್ಯವಸ್ಥೆಯನ್ನು ತಂಡದೊಂದಿಗೆ ಪದರ ಪದರವಾಗಿ ಕಟ್ಟಿದ್ದರು. ತಳದ ಪದರದ ಕೆಲಸ ಪ್ರೊಸೆಸರ್ ಹಂಚೋದು. ಬೇಗ ಉತ್ತರ ಬೇಕಾದಲ್ಲಿ ಆದ್ಯತೆ ಇತ್ತು. ಆದರೆ ಗಡಿಯಾರದ ಇಂಟರಪ್ಟ್ ಬಂದು, ಯಾವ ಕೆಲಸವೂ ಪ್ರೊಸೆಸರನ್ನು ಹಿಡಿದು ಕೂರದಂತೆ ತಡೀತಿತ್ತು. ಒಂದು ಕೆಲಸ ಇನ್ನೊಂದಕ್ಕಾಗಿ ಕಾಯಬೇಕಾದಾಗ ಅವರದೇ ಸೆಮಫೋರ್ ಇತ್ತು. ಇವತ್ತಿನ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಎದುರಿನ ಪ್ರೋಗ್ರಾಮ್‌ಗೆ ಹೆಚ್ಚು ಸಮಯ ಕೊಡ್ತೈತಿ, ಸರ್ವರ್‌ನಲ್ಲಿ ಹಿನ್ನೆಲೆ ಸೇವೆಗಳಿಗೂ ಸಮಪಾಲು. ಪ್ರಶ್ನೆ ಅದೇ, ಪಾಳಿ ಯಾರಿಗೆ?

1972ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಸಂದಿತು. 1984ರಿಂದ ಅಮೆರಿಕದ ಆಸ್ಟಿನ್‌ನಲ್ಲಿ ಪಾಠ ಹೇಳಿದರು. 2002ರ ಆಗಸ್ಟ್ 6ರಂದು ತಾಯ್ನಾಡಿನ ನ್ಯೂನೆನ್‌ನಲ್ಲಿ ತೀರಿಕೊಂಡರು. ಲ್ಯಾಬ್‌ನಲ್ಲಿ ನಮ್ಮ ಥ್ರೆಡ್ ಪ್ರೋಗ್ರಾಮ್ ಒಮ್ಮೆ ಸರಿಯಾಗಿ ಓಡಿ ಇನ್ನೊಮ್ಮೆ ನಿಂತರೆ ಆಗುವ ಹೆದರಿಕೆ, ಎಕ್ಸ್1 ಮುಂದೆ ಅವರಿಗೂ ಆಗಿತ್ತು. ಅವರು ಅದನ್ನು ಅದೃಷ್ಟಕ್ಕೆ ಬಿಡಲಿಲ್ಲ, ತಪ್ಪು ನುಸುಳದ ಹಾಗೆ ಯೋಚಿಸಿ ಬರೆದರು.