ಕೆಲಸ ಹೋದಾಗ ರೇಡಿಯೊ ಅಂಗಡಿ ತೆರೆದವನು

ಬಳ್ಳಾರಿಯ ಕೌಲ್ ಬಜಾರ್ ಇರಲಿ, ಬ್ರೂಸ್‌ಪೇಟೆ ಇರಲಿ, ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳೇ ಹೆಚ್ಚು. ರಾತ್ರಿ ಹತ್ತು ಗಂಟೆಗೆ ಎಲೆಕ್ಟ್ರಿಕ್ ಗಿಟಾರನ್ನು ದೊಡ್ಡ ಆಂಪ್ಲಿಫೈಯರಿಗೆ ಸಿಕ್ಕಿಸಿ ನುಡಿಸಿದರೆ ಪಕ್ಕದ ಮನೆಯವರು ಬಾಗಿಲು ಬಡಿಯುತ್ತಾರೆ. ಅದಕ್ಕೇ ಮನೆಯಲ್ಲಿ ಹಾಡು ರೆಕಾರ್ಡ್ ಮಾಡಬೇಕೆನ್ನುವ ಹುಡುಗ ಹುಡುಗಿಯರು ಈಗ ಡಿಜಿಟಲ್ ಆಂಪ್ ಮಾಡೆಲರ್ ಹುಡುಕುತ್ತಾರೆ. ಪುಸ್ತಕದಷ್ಟು ಅಗಲದ ಪೆಟ್ಟಿಗೆ ಅದು. ಗಿಟಾರಿನ ಕೇಬಲ್ ಸಿಕ್ಕಿಸಿದರೆ ಸಾಕು, ಹೆಸರಾಂತ ಹಳೆಯ ಆಂಪ್ಲಿಫೈಯರುಗಳು ಹೇಗೆ ದನಿ ಕೊಡುತ್ತಿದ್ದವು ಎಂಬುದನ್ನು ಲೆಕ್ಕ ಹಾಕಿ ಹೆಡ್‌ಫೋನಿಗೂ ಕಂಪ್ಯೂಟರಿಗೂ ಅದೇ ದನಿ ಕಳಿಸುತ್ತದೆ. ಮನೆ ಮಂದಿ ಮಲಗಿರುವಾಗಲೂ ನುಡಿಸಬಹುದು.

ಆದರೆ ಬೆಲೆ ಕೆಲವು ಸಾವಿರದಿಂದ ಶುರುವಾಗಿ ಲಕ್ಷವನ್ನೂ ದಾಟುತ್ತದೆ. ಒಂದೊಂದರಲ್ಲೂ ನೂರಾರು ದನಿಗಳಿವೆ ಎಂಬ ಜಾಹೀರಾತು. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವವರಿಗೆ ಯಾವುದನ್ನು ಆರಿಸಬೇಕೆಂಬುದೇ ದೊಡ್ಡ ತಲೆನೋವು. ಹಣ ಕೊಡುವ ಮುನ್ನ ಆ ಪಟ್ಟಿಯ ಮೊದಲ ದನಿಗಳು ಯಾರ ಕೈಯಿಂದ ಬಂದವು ಎಂದು ತಿಳಿದರೆ ಆಯ್ಕೆ ಸುಲಭವಾಗುತ್ತದೆ. ಅವು ಲಿಯೊ ಫೆಂಡರ್ ಎಂಬ ಅಮೆರಿಕದವನ ಕೈಯಿಂದ ಬಂದವು. ಆತ ಓದಿದ್ದು ಲೆಕ್ಕಪತ್ರ. ಎಂಜಿನಿಯರ್ ಅಲ್ಲ, ಗಿಟಾರ್ ನುಡಿಸಲು ಕೊನೆಯವರೆಗೂ ಕಲಿಯಲಿಲ್ಲ.

ಕ್ಲಾರೆನ್ಸ್ ಲಿಯೊನಿಡಾಸ್ ಫೆಂಡರ್ ಹುಟ್ಟಿದ್ದು 1909ರ ಆಗಸ್ಟ್ 10ರಂದು, ಕ್ಯಾಲಿಫೋರ್ನಿಯಾದಲ್ಲಿ. ತಂದೆ ತಾಯಿಗೆ ಅನಾಹೈಮ್ ಮತ್ತು ಫುಲ್ಲರ್ಟನ್ ಊರುಗಳ ನಡುವೆ ಕಿತ್ತಳೆ ತೋಟವಿತ್ತು. ಆಗಿನ ಫುಲ್ಲರ್ಟನ್ ನಮ್ಮ ಸಿರುಗುಪ್ಪದ ಹಾಗೆ ಬೆಳೆಯನ್ನೇ ನಂಬಿದ ಊರು. ಇಲ್ಲಿ ಭತ್ತ ಮತ್ತು ಅಕ್ಕಿ ಗಿರಣಿ, ಅಲ್ಲಿ ಕಿತ್ತಳೆ ಮತ್ತು ಅದನ್ನು ಪೆಟ್ಟಿಗೆಗೆ ತುಂಬುವ ಗೋದಾಮು. ಎಂಟನೆಯ ವಯಸ್ಸಿನಲ್ಲಿ ಗಡ್ಡೆಯೊಂದರಿಂದ ಲಿಯೊ ಒಂದು ಕಣ್ಣು ಕಳೆದುಕೊಂಡ. ಆ ಜಾಗಕ್ಕೆ ಗಾಜಿನ ಕಣ್ಣು ಬಂತು.

ಹದಿಮೂರು ತುಂಬಿದಾಗ, ವಾಹನಗಳ ಎಲೆಕ್ಟ್ರಿಕ್ ಅಂಗಡಿ ಇಟ್ಟಿದ್ದ ಸಂಬಂಧಿಯೊಬ್ಬ ಹಳೆಯ ರೇಡಿಯೊ ಬಿಡಿಭಾಗಗಳ ಪೆಟ್ಟಿಗೆ ಕಳಿಸಿದ. ಮರುವರ್ಷ ಆ ಅಂಗಡಿಗೆ ಹೋದಾಗ ಆತನೇ ಜೋಡಿಸಿದ್ದ ರೇಡಿಯೊ ಬಾಗಿಲ ಮುಂದೆ ಜೋರಾಗಿ ಹಾಡುತ್ತಿತ್ತು. ಆ ದನಿ ಹುಡುಗನನ್ನು ಹಿಡಿದಿಟ್ಟಿತು. ಮನೆಯ ಮೂಲೆಯಲ್ಲೇ ಊರವರ ರೇಡಿಯೊ ಬಿಚ್ಚಿ ರಿಪೇರಿ ಮಾಡತೊಡಗಿದ.

ಆದರೆ ಓದು ಬೇರೆ ದಾರಿ ಹಿಡಿಯಿತು. 1928ರಲ್ಲಿ ಶಾಲೆ ಮುಗಿಸಿ ಫುಲ್ಲರ್ಟನ್ ಜೂನಿಯರ್ ಕಾಲೇಜಿನಲ್ಲಿ ಅಕೌಂಟಿಂಗ್ ತೆಗೆದುಕೊಂಡ. ಎಲೆಕ್ಟ್ರಾನಿಕ್ಸಿನಲ್ಲಿ ಒಂದು ತರಗತಿಗೂ ಕೂರಲಿಲ್ಲ. ಓದು ಮುಗಿದ ಮೇಲೆ ಮಂಜುಗಡ್ಡೆ ಕಂಪನಿಯೊಂದರಲ್ಲಿ ಮೊದಲು ಸರಕು ತಲುಪಿಸುವ ಕೆಲಸ, ಆಮೇಲೆ ಲೆಕ್ಕ ಬರೆಯುವ ಕೆಲಸ. ಬಿಡುವಿನಲ್ಲಿ ಒಂದು ವಾದ್ಯತಂಡಕ್ಕೆ ಮೈಕ್‌ಸೆಟ್ ಕಟ್ಟಿಕೊಟ್ಟ. ಜಾತ್ರೆಗೂ ಮದುವೆಗೂ ಮೈಕ್‌ಸೆಟ್ ಹಾಕುವವರನ್ನು ಕುರುಗೋಡಿನಲ್ಲಿ ನೋಡಿದವರಿಗೆ ಈ ಕೆಲಸ ಹೊಸದಲ್ಲ.

1934ರಲ್ಲಿ ಎಸ್ತರ್ ಜೊತೆ ಮದುವೆಯಾಯಿತು. ಕ್ಯಾಲಿಫೋರ್ನಿಯಾದ ಹೆದ್ದಾರಿ ಇಲಾಖೆಯಲ್ಲಿ ಲೆಕ್ಕಿಗನ ನೌಕರಿ ಸಿಕ್ಕಿತು. ಸರಕಾರಿ ಕೆಲಸ, ಇನ್ನೇನು ಬೇಕು? ಆದರೆ ಅದು ಜಗತ್ತನ್ನೇ ಹಿಂಡಿದ ಆರ್ಥಿಕ ಕುಸಿತದ ದಶಕ. ಇಲಾಖೆ ಖರ್ಚು ಕಡಿತ ಮಾಡಿತು, ಲಿಯೊನ ಕೆಲಸ ಹೋಯಿತು. ಟೈರ್ ಕಂಪನಿಯೊಂದರ ಲೆಕ್ಕ ವಿಭಾಗಕ್ಕೆ ಸೇರಿದ. ಆರು ತಿಂಗಳಲ್ಲಿ ಅದೂ ಹೋಯಿತು. ವಯಸ್ಸು ಮೂವತ್ತರ ಹತ್ತಿರ, ಒಂದೇ ಕಣ್ಣು, ಕಲಿತ ಲೆಕ್ಕಪತ್ರದಿಂದ ಎರಡು ಬಾರಿ ಕೆಲಸ ಸಿಕ್ಕಿ ಎರಡು ಬಾರಿಯೂ ತಪ್ಪಿದೆ.

1938ರಲ್ಲಿ 600 ಡಾಲರ್ ಸಾಲ ಮಾಡಿ ಹೆಂಡತಿಯೊಂದಿಗೆ ಫುಲ್ಲರ್ಟನ್‌ಗೆ ಮರಳಿದ. ಫೆಂಡರ್ ರೇಡಿಯೊ ಸರ್ವಿಸ್ ಎಂಬ ಬೋರ್ಡು ಬಿತ್ತು. ಈ ಸಾಲದ ಬಗೆಯನ್ನು ಗಮನಿಸಬೇಕು. ಅಂಗಡಿ ತೆರೆದ ದಿನದಿಂದಲೇ ದುಡಿಮೆಗೆ ದಾರಿಯಿತ್ತು, ಏಕೆಂದರೆ ರೇಡಿಯೊ ರಿಪೇರಿ ಅವನಿಗೆ ಹದಿನೈದು ವರ್ಷದಿಂದ ಕೈಗೆ ಹತ್ತಿದ ಕೆಲಸ.

ಆ ಅಂಗಡಿಗೆ ರೇಡಿಯೊ ಮಾತ್ರ ಬರಲಿಲ್ಲ. ಸಂಗೀತಗಾರರು ಕೆಟ್ಟುಹೋದ ಆಂಪ್ಲಿಫೈಯರುಗಳನ್ನು ಹೊತ್ತು ತಂದರು. ಬಿಚ್ಚಿ ನೋಡಿದ ಲಿಯೊಗೆ ಅವು ಎಲ್ಲಿ ಕೆಡುತ್ತವೆ, ಏಕೆ ಕೆಡುತ್ತವೆ ಎಂಬುದು ಬಾಯಿಪಾಠವಾಯಿತು. ಗಟ್ಟಿಯಾದ, ಬೇಗ ಬಿಚ್ಚಿ ಸರಿಪಡಿಸಬಹುದಾದ ಆಂಪ್ ಮಾಡಬೇಕೆಂಬ ಆಲೋಚನೆ ಹುಟ್ಟಿದ್ದು ಅಲ್ಲೇ. 1945ರಲ್ಲಿ ಡಾಕ್ ಕಾಫ್‌ಮನ್ ಎಂಬ ಸಂಗೀತಗಾರನೊಂದಿಗೆ ಸೇರಿ ತೊಡೆಯ ಮೇಲಿಟ್ಟು ನುಡಿಸುವ ಸ್ಟೀಲ್ ಗಿಟಾರ್ ಮತ್ತು ಅದಕ್ಕೊಂದು ಆಂಪ್ ತಯಾರಿಸಿದ. ಮರುವರ್ಷ ಸಾಲದ ಭಯಕ್ಕೆ ಕಾಫ್‌ಮನ್ ಹೊರನಡೆದ. ಲಿಯೊ ಒಬ್ಬನೇ ಮುಂದುವರಿಸಿದ.

1950ರಲ್ಲಿ ಗಟ್ಟಿ ಮರದ ಹಲಗೆಯ ಎಲೆಕ್ಟ್ರಿಕ್ ಗಿಟಾರ್ ಬಂತು. ಇಂಥ ಗಿಟಾರಿಗೆ ಪ್ರಯತ್ನಿಸಿದವರಲ್ಲಿ ಆತ ಮೊದಲಿಗನಲ್ಲ, ಆದರೆ ಕಾರ್ಖಾನೆಯಲ್ಲಿ ಸಲೀಸಾಗಿ ಮಾಡಿ, ದುಡಿದು ತಿನ್ನುವ ವಾದ್ಯಗಾರನ ಕೈಗೆ ತಲುಪಿಸಿದ್ದು ಅವನ ಹೆಚ್ಚುಗಾರಿಕೆ. ಕುತ್ತಿಗೆಯನ್ನು ನಾಲ್ಕು ಸ್ಕ್ರೂಗಳಲ್ಲಿ ಕೂರಿಸಿದ್ದ. ಹಾಳಾದರೆ ಬಿಚ್ಚಿ ಬೇರೆ ಹಾಕಿದರಾಯಿತು. ವ್ಯಾಪಾರಿಗಳು ಅದನ್ನು ಹಿಮ ಎತ್ತುವ ಸಲಿಕೆಗೆ ಹೋಲಿಸಿ ನಕ್ಕರು. ಇಟ್ಟ ಹೆಸರು ಇನ್ನೊಂದು ಕಂಪನಿಯ ಡ್ರಮ್ಮಿನ ಹೆಸರಿಗೆ ಹತ್ತಿರವಾಯಿತೆಂದು ತಕರಾರು ಬಂತು. ಬೇರೆ ಹೆಸರು ಸಿಗುವತನಕ ಅಂಟಿಸುವ ಚೀಟಿಯಲ್ಲಿ ಆ ಪದವನ್ನಷ್ಟೇ ಕತ್ತರಿಸಿ ಗಿಟಾರುಗಳನ್ನು ಕಳಿಸಿದರು. 1951ರಲ್ಲಿ ಟೆಲಿಕಾಸ್ಟರ್ ಎಂಬ ಹೆಸರು ನಿಂತಿತು. ಇಂದಿಗೂ ಅದೇ ಹೆಸರು, ಹೆಚ್ಚುಕಡಿಮೆ ಅದೇ ಆಕಾರ.

ಲಿಯೊನ ರೀತಿ ಇಷ್ಟೇ: ತಾನು ನುಡಿಸಲಾರ, ಹಾಗಾಗಿ ನುಡಿಸುವವರನ್ನು ಕೇಳುತ್ತಿದ್ದ. ಹೊಸದೊಂದು ತಯಾರಾದರೆ ಊರಿನ ವಾದ್ಯಗಾರರಿಗೆ ಕೊಟ್ಟು ಕಳಿಸಿ, ದೂರುಗಳಿಗೆ ಕಿವಿಕೊಡುತ್ತಿದ್ದ. ಟೆಲಿಕಾಸ್ಟರಿನ ಅಂಚು ಪಕ್ಕೆಲುಬಿಗೆ ಒತ್ತುತ್ತದೆ ಎಂದವರ ಮಾತು ಕೇಳಿ 1954ರ ಸ್ಟ್ರಾಟೊಕಾಸ್ಟರಿನ ಮೈಯನ್ನು ದೇಹಕ್ಕೆ ಹೊಂದುವಂತೆ ತೀಡಿಸಿದ. ಡಿಕ್ ಡೇಲ್ ಎಂಬ ಗಿಟಾರ್ ವಾದಕ ಕೊಟ್ಟ ಆಂಪುಗಳನ್ನೆಲ್ಲ ಸುಟ್ಟುಹಾಕುತ್ತಿದ್ದ. ಕಾರಣ ಕಾರ್ಖಾನೆಯಲ್ಲಿ ಕೂತು ತಿಳಿಯಲಿಲ್ಲ. ಲಿಯೊ ಸಂಗಡಿಗ ಫ್ರೆಡ್ಡಿ ಟವಾರಿಸ್ ಜೊತೆ ನೃತ್ಯಶಾಲೆಗೆ ಹೋಗಿ ಸಾವಿರಾರು ಜನರ ನಡುವೆ ನಿಂತು ಕೇಳಿದ. ಜನರ ಮೈ ದನಿಯನ್ನು ಹೇಗೆ ಹೀರುತ್ತದೆ, ಅದನ್ನು ಮೀರಿಸಲು ಡೇಲ್ ಏಕೆ ಅಷ್ಟು ಜೋರು ಮಾಡುತ್ತಾನೆ ಎಂಬುದು ಆಗ ಅರ್ಥವಾಯಿತು. ಹೆಚ್ಚು ಶಕ್ತಿಯ ಷೋಮನ್ ಆಂಪ್ ಹುಟ್ಟಿದ್ದು ಹೀಗೆ.

ಇದೇ ಸಮಸ್ಯೆಗೆ ನಮ್ಮವರೊಬ್ಬರು ಇನ್ನೂ ಮೊದಲೇ ಬೇರೆ ಉತ್ತರ ಕಂಡುಕೊಂಡಿದ್ದರು. ತಿರುಮಕೂಡಲು ನರಸೀಪುರದ ಟಿ. ಚೌಡಯ್ಯ ಅವರು ಪಿಟೀಲು ನುಡಿಸುತ್ತಿದ್ದ ಕಾಲದಲ್ಲಿ ಕಛೇರಿಗಳಿಗೆ ಮೈಕ್ ಇರಲಿಲ್ಲ. ಹಿಂದಿನ ಸಾಲಿನವರಿಗೆ ಪಿಟೀಲು ಕೇಳಿಸುತ್ತಿಲ್ಲ ಎಂಬುದನ್ನು ಗಮನಿಸಿ, ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ಸೇರಿಸಿ 1927ರ ಹೊತ್ತಿಗೆ ಏಳು ತಂತಿಯ ಪಿಟೀಲು ಹಿಡಿದರು. ಫುಲ್ಲರ್ಟನ್ನಿನ ಲೆಕ್ಕಿಗನಿಗೂ ಮೈಸೂರಿನ ವಿದ್ವಾಂಸರಿಗೂ ಪರಿಚಯವಿಲ್ಲ. ಆದರೆ ಇಬ್ಬರೂ ಕೇಳುವವನ ಜಾಗದಿಂದಲೇ ಲೆಕ್ಕ ಶುರುಮಾಡಿದರು.

ಈಗ ಮಾಡೆಲರಿನ ಪಟ್ಟಿಗೆ ಬರೋಣ. 1952ರಲ್ಲಿ ಲಿಯೊ ಬಾಸ್ ಗಿಟಾರಿಗೆಂದು ಬಾಸ್‌ಮನ್ ಎಂಬ ಆಂಪ್ ತಂದ. ಕೆಲವೇ ವರ್ಷಗಳಲ್ಲಿ ಗಿಟಾರ್ ವಾದಕರು ಅದನ್ನು ತಮ್ಮದು ಮಾಡಿಕೊಂಡರು. 1962ರಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ತನ್ನ ವಾದ್ಯದಂಗಡಿಯಲ್ಲಿ ಬಾಸ್‌ಮನ್ನಿನ ಸರ್ಕ್ಯೂಟನ್ನೇ ಆಧರಿಸಿ ಆಂಪ್ ಕಟ್ಟಿಸಿದ. ರಾಕ್ ಸಂಗೀತದ ಗುಡುಗು ಅಲ್ಲಿಂದ ಬಂತು. ಅಮೆರಿಕದಲ್ಲಿ ರ‍್ಯಾಂಡಲ್ ಸ್ಮಿತ್ ಎಂಬಾತ ಫೆಂಡರನ ಪುಟ್ಟ ಪ್ರಿನ್ಸ್‌ಟನ್ ಆಂಪನ್ನು ತಿದ್ದಿ ಮೆಸಾ ಬೂಗಿ ಆಂಪುಗಳಿಗೆ ದಾರಿ ಮಾಡಿದ. ಅಂದರೆ ಪಟ್ಟಿಯಲ್ಲಿ ನೂರು ಹೆಸರಿದ್ದರೂ ಅವುಗಳಲ್ಲಿ ಬಹಳಷ್ಟರ ಬೇರು ಒಂದೇ ರೇಡಿಯೊ ಅಂಗಡಿಯಲ್ಲಿದೆ. ತಮಾಷೆಯೆಂದರೆ ಲಿಯೊ ಬಯಸಿದ್ದು ಸ್ವಚ್ಛ ದನಿ. ವಾಲ್ಯೂಮ್ ಪೂರ್ತಿ ಏರಿಸಿದಾಗ ವಾಲ್ವುಗಳು ದನಿಯನ್ನು ಒಡೆಯುವುದು ಅವನ ಕಣ್ಣಿಗೆ ದೋಷ. ಹುಡುಗರು ಪ್ರೀತಿಸಿದ್ದು ಆ ದೋಷವನ್ನೇ. ಮಾಡೆಲರುಗಳು ಕಷ್ಟಪಟ್ಟು ಅನುಕರಿಸುವುದೂ ಅದನ್ನೇ, ಏಕೆಂದರೆ ಅಸಲಿ ಆಂಪಿನಲ್ಲಿ ಆ ದನಿ ಬೇಕೆಂದರೆ ಬೀದಿಗೆಲ್ಲ ಕೇಳುವಷ್ಟು ಏರಿಸಬೇಕು.

1955ರ ಸುಮಾರಿಗೆ ಲಿಯೊಗೆ ಸೋಂಕೊಂದು ಅಂಟಿ ವರ್ಷಗಟ್ಟಲೆ ಕಾಡಿತು. ತಾನು ಹೆಚ್ಚು ದಿನ ಬದುಕಲಾರೆ ಎಂದು ನಂಬಿ 1965ರ ಜನವರಿಯಲ್ಲಿ ಕಂಪನಿಯನ್ನು ಸಿಬಿಎಸ್ ಸಂಸ್ಥೆಗೆ 1 ಕೋಟಿ 30 ಲಕ್ಷ ಡಾಲರಿಗೆ ಮಾರಿದ. ಆಮೇಲೆ ಬೇರೆ ವೈದ್ಯರ ಚಿಕಿತ್ಸೆಯಿಂದ ಗುಣವಾದ. ಹಣವಿತ್ತು, ಹೆಸರಿತ್ತು, ಸುಮ್ಮನೆ ಕೂರಬಹುದಿತ್ತು. ಕೂರಲಿಲ್ಲ. ಮ್ಯೂಸಿಕ್ ಮ್ಯಾನ್, ಬಳಿಕ ಜಿ ಆ್ಯಂಡ್ ಎಲ್ ಕಂಪನಿಗಳಲ್ಲಿ ಹೊಸ ಗಿಟಾರುಗಳನ್ನು ರೂಪಿಸುತ್ತ ಕೊನೆಯ ದಿನಗಳವರೆಗೂ ಕೆಲಸದ ಮೇಜಿಗೆ ಬಂದ. ಪಾರ್ಕಿನ್ಸನ್ ಕಾಯಿಲೆಯಿಂದ ಬಳಲುತ್ತಿದ್ದ ಆತ 1991ರ ಮಾರ್ಚ್ 21ರಂದು ತೀರಿಕೊಂಡ. ಕ್ಯಾಲಿಫೋರ್ನಿಯಾದ ಲೈನ್ 6 ಕಂಪನಿ ಆಂಪುಗಳ ದನಿಯನ್ನು ಅನುಕರಿಸುವ ಪಾಡ್ ಎಂಬ ಪುಟ್ಟ ಪೆಟ್ಟಿಗೆಯನ್ನು ಮಾರುಕಟ್ಟೆಗೆ ಬಿಟ್ಟದ್ದು 1998ರಲ್ಲಿ. ತನ್ನ ದನಿಗಳು ಮೇಜಿನ ಮೇಲಿನ ಪೆಟ್ಟಿಗೆಯಲ್ಲಿ ಕೂತದ್ದನ್ನು ಲಿಯೊ ನೋಡಲಿಲ್ಲ.

ಈ ಬದುಕನ್ನು ಮುಂದಿಟ್ಟುಕೊಂಡರೆ ಮಾಡೆಲರ್ ಆರಿಸುವ ಕೆಲಸ ಹಗುರಾಗುತ್ತದೆ. ಮೊದಲನೆಯದು, ದನಿಗಳ ಸಂಖ್ಯೆ ನೋಡಿ ಮರುಳಾಗಬೇಡಿ. ಒಂದು ಸ್ವಚ್ಛ ದನಿ, ತುಸು ಒಡೆದ ದನಿ, ಪೂರ್ತಿ ಒಡೆದ ದನಿ ಚೆನ್ನಾಗಿದ್ದರೆ ಹೆಚ್ಚಿನ ಹಾಡುಗಳು ಮುಗಿಯುತ್ತವೆ. ದನಿಯ ದೊಡ್ಡ ಪಾಲು ಸ್ಪೀಕರ್ ಪೆಟ್ಟಿಗೆಯದು. ಆದ್ದರಿಂದ ಸ್ಪೀಕರಿನ ನಕಲು ಫೈಲುಗಳನ್ನು, ಅಂದರೆ ಐಆರ್‌ಗಳನ್ನು, ಬದಲಿಸಲು ಬಿಡುವ ಪೆಟ್ಟಿಗೆ ಹೆಚ್ಚು ಕಾಲ ಬಾಳುತ್ತದೆ.

ಎರಡನೆಯದು, ನೀವು ಕೂರುವ ಕೋಣೆಯಿಂದ ಲೆಕ್ಕ ಶುರುಮಾಡಿ. ಮನೆಯಲ್ಲಿ ರೆಕಾರ್ಡ್ ಮಾಡುವವರಿಗೆ ಹೆಡ್‌ಫೋನ್ ಜಾಗ ಬೇಕು, ಯುಎಸ್‌ಬಿ ಕೇಬಲ್‌ನಿಂದ ನೇರ ಕಂಪ್ಯೂಟರಿಗೆ ದನಿ ಹೋಗಬೇಕು. ವೇದಿಕೆಗೆಂದು ಮಾಡಿದ ಹತ್ತು ಕಾಲೊತ್ತು ಗುಂಡಿಗಳಿಗೆ ಹಣ ಸುರಿಯಬೇಕಿಲ್ಲ. ಮನೆಯ ಪ್ಲಗ್‌ಗೆ ಅರ್ಥಿಂಗ್ ಸರಿಯಿಲ್ಲದಿದ್ದರೆ ಲಕ್ಷದ ಪೆಟ್ಟಿಗೆಯೂ ಗುಂಯ್ ಎನ್ನುತ್ತದೆ. ಒಂದೇ ಸುರುಳಿಯ ಪಿಕಪ್ ಇರುವ ಸ್ಟ್ರಾಟೊಕಾಸ್ಟರ್ ಬಗೆಯ ಗಿಟಾರಿಗೆ ಈ ಕಾಟ ಜಾಸ್ತಿ. ರೆಕಾರ್ಡ್ ಮಾಡುವಾಗ ಲ್ಯಾಪ್‌ಟಾಪ್ ಚಾರ್ಜರ್ ತೆಗೆದು, ಪರದೆಯಿಂದ ತುಸು ತಿರುಗಿ ಕೂತು ನೋಡಿ. ಬಹುಪಾಲು ಸದ್ದು ಇಳಿಯುತ್ತದೆ.

ಮೂರನೆಯದು, ಕೆಟ್ಟರೆ ಯಾರು ಸರಿಮಾಡುತ್ತಾರೆ ಎಂದು ಕೇಳಿ ಕೊಳ್ಳಿ. ಇಲ್ಲೇ ಹತ್ತಿರದಲ್ಲಿ ರಿಪೇರಿಯಾಗುವ, ಅಡಾಪ್ಟರ್ ಸುಟ್ಟರೆ ಬೇರೆ ಸಿಗುವ ಸಾಧಾರಣ ಪೆಟ್ಟಿಗೆ, ತಿಂಗಳುಗಟ್ಟಲೆ ಪಾರ್ಸೆಲಿನಲ್ಲಿ ಅಲೆಯುವ ದುಬಾರಿ ಪೆಟ್ಟಿಗೆಗಿಂತ ಮೇಲು.

ಕೊನೆಯದು ಹಣದ ಮಾತು. ಲಿಯೊನ 600 ಡಾಲರ್ ಸಾಲ ಗೊತ್ತಿದ್ದ ಕೆಲಸಕ್ಕೆ ಮಾಡಿದ ಸಾಲ. ಸಂಬಳ ಇನ್ನೂ ಶುರುವಾಗದವರು ಕಂತಿನಲ್ಲಿ ಲಕ್ಷದ ಮಾಡೆಲರ್ ತಂದರೆ ಅದು ಆ ಬಗೆಯ ಸಾಲವಲ್ಲ. ನ್ಯೂರಲ್ ಆಂಪ್ ಮಾಡೆಲರ್‌ನಂಥ ಉಚಿತ ತಂತ್ರಾಂಶಗಳಿವೆ. ಕಂಪ್ಯೂಟರ್ ಇದ್ದವರಿಗೆ ಒಂದು ಸಾಧಾರಣ ಆಡಿಯೊ ಇಂಟರ್‌ಫೇಸ್ ಸಾಕು. ಅದರಲ್ಲಿ ನಾಲ್ಕು ಹಾಡು ಪೂರ್ತಿ ರೆಕಾರ್ಡ್ ಮಾಡಿ ಗೆಳೆಯರಿಗೆ ಕೇಳಿಸಿ, ಅವರು ಹೇಳುವ ಕೊರತೆಗಳನ್ನು ಬರೆದಿಟ್ಟುಕೊಳ್ಳಿ. ಆ ಚೀಟಿ ಕೈಯಲ್ಲಿದ್ದರೆ ಅಂಗಡಿಯಲ್ಲಿ ಏನು ಕೇಳಬೇಕೆಂದು ಗೊತ್ತಿರುತ್ತದೆ. ಲಿಯೊ ಫೆಂಡರ್ ಕಿವಿಕೊಟ್ಟಿದ್ದೂ ಅಂಥದೇ ದೂರುಗಳಿಗೆ.