ರಾಷ್ಟ್ರಾಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್

ಹೊಳೆ ಶಾಂತವಾಗಿರುವಾಗ ಎಲ್ಲ ಅಂಬಿಗರೂ ಸಮರ್ಥರೇ. ಬಿರುಗಾಳಿ ಎದ್ದಾಗಲೇ ಹುಟ್ಟು ಹಿಡಿದವನ ಬಲಾಬಲ ತಿಳಿಯುವುದು. ಮೊದಲು ತಮ್ಮ ದೇಹಕ್ಕೆ, ಅನಂತರ ತಮ್ಮ ದೇಶಕ್ಕೆ ಬಂದೊದಗಿದ ಎರಡು ಬಿರುಗಾಳಿಗಳನ್ನು ಎದುರಿಸಿದವರು ಅಮೆರಿಕ ಸಂಯುಕ್ತ ಸಂಸ್ಥಾನಗಳ 32ನೆಯ ಅಧ್ಯಕ್ಷರಾದ ಫ್ರಾಂಕ್ಲಿನ್ ಡೆಲನೊ ರೂಸ್‌ವೆಲ್ಟ್ ಅವರು.

1882ನೆಯ ಇಸವಿ ಜನವರಿ 30ರಂದು ನ್ಯೂಯಾರ್ಕ್ ಸಂಸ್ಥಾನದ ಹೈಡ್ ಪಾರ್ಕ್ ಎಂಬಲ್ಲಿ ಸಿರಿವಂತ ಮನೆತನವೊಂದರಲ್ಲಿ ಅವರು ಜನಿಸಿದರು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ, 1905ರಲ್ಲಿ ಎಲಿನಾರ್ ಅವರನ್ನು ವಿವಾಹವಾದರು. 1910ರಲ್ಲಿ ನ್ಯೂಯಾರ್ಕಿನ ಶಾಸನಸಭೆಗೆ ಆಯ್ಕೆಯಾದರು. 1913ರಿಂದ 1920ರ ವರೆಗೆ ನೌಕಾ ಇಲಾಖೆಯ ಸಹಾಯಕ ಕಾರ್ಯದರ್ಶಿಗಳಾಗಿದ್ದು, 1920ರಲ್ಲಿ ಉಪಾಧ್ಯಕ್ಷ ಪದವಿಗೆ ಸ್ಪರ್ಧಿಸಿ ಸೋತರು. ಈ ಸೋಲನ್ನು ಬಿಟ್ಟರೆ ಅವರ ರಾಜಕೀಯ ಮಾರ್ಗದಲ್ಲಿ ಮುಳ್ಳುಗಳು ಹೆಚ್ಚಾಗಿರಲಿಲ್ಲ.

1921ರ ಆಗಸ್ಟ್ ತಿಂಗಳಲ್ಲಿ ಕೆನಡಾದ ಕ್ಯಾಂಪೊಬೆಲೊ ದ್ವೀಪದಲ್ಲಿ ವಿಶ್ರಾಂತಿ ಪಡೆಯುತ್ತಿದ್ದಾಗ ಅವರಿಗೆ ಜ್ವರ ಬಂದಿತು. ಕೆಲವೇ ದಿನಗಳಲ್ಲಿ ಕಾಲುಗಳ ಸ್ವಾಧೀನ ತಪ್ಪಿತು. ಪೋಲಿಯೋ ಎಂದು ವೈದ್ಯರು ನಿರ್ಣಯಿಸಿದರು. ಆಗ ಅವರಿಗೆ 39 ವರ್ಷ. ಮಗನು ಹೈಡ್ ಪಾರ್ಕಿನ ಮನೆಯಲ್ಲಿ ನೆಮ್ಮದಿಯಾಗಿರಲೆಂದು ತಾಯಿ ಬಯಸಿದರೆ, ಸಾರ್ವಜನಿಕ ಜೀವನವನ್ನು ತ್ಯಜಿಸಕೂಡದೆಂದು ಪತ್ನಿಯೂ ಆಪ್ತಸಹಾಯಕ ಲೂಯಿ ಹೋವ್ ಅವರೂ ಪಟ್ಟು ಹಿಡಿದರು. ಉಕ್ಕಿನ ಪಟ್ಟಿಗಳನ್ನು ಕಾಲಿಗೆ ಬಿಗಿದು, ಮತ್ತೊಬ್ಬರ ತೋಳನ್ನು ಆಧರಿಸಿ ನಾಲ್ಕು ಹೆಜ್ಜೆ ಇಡುವುದನ್ನು ರೂಸ್‌ವೆಲ್ಟರು ಹೊಸದಾಗಿ ಕಲಿತರು.

ಚಿಕಿತ್ಸೆಗಾಗಿ ಅವರು ಜಾರ್ಜಿಯಾ ಸಂಸ್ಥಾನದ ವಾರ್ಮ್ ಸ್ಪ್ರಿಂಗ್ಸ್ ಎಂಬ ಬಿಸಿನೀರಿನ ಬುಗ್ಗೆಗಳ ಊರಿಗೆ ಹೋಗತೊಡಗಿದರು. 1926ರಲ್ಲಿ ಆ ಸ್ಥಳವನ್ನು ಕೊಂಡು, ಮರುವರ್ಷ ಅದನ್ನು ಪೋಲಿಯೋ ಪೀಡಿತರ ಆರೈಕೆಗೆ ಮೀಸಲಾದ ಸಂಸ್ಥೆಯನ್ನಾಗಿ ಮಾಡಿದರು. ಸುತ್ತಲಿನ ಬಡ ರೈತರ ಬಾಳನ್ನೂ, ದೀಪವಿಲ್ಲದ ಮನೆಗಳನ್ನೂ ಅಲ್ಲಿ ಹತ್ತಿರದಿಂದ ಕಂಡರು.

1928ರಲ್ಲಿ ನ್ಯೂಯಾರ್ಕಿನ ರಾಜ್ಯಪಾಲರಾಗಿ ಚುನಾಯಿತರಾದರು. 1929ರ ಅಕ್ಟೋಬರಿನಲ್ಲಿ ಷೇರು ಪೇಟೆ ಕುಸಿದು ಮಹಾ ಆರ್ಥಿಕ ಮುಗ್ಗಟ್ಟು ಆರಂಭವಾಯಿತು. 1933ರ ಮಾರ್ಚ್ 4ರಂದು ಅವರು ಅಧ್ಯಕ್ಷ ಪದವಿಯನ್ನು ಸ್ವೀಕರಿಸುವ ವೇಳೆಗೆ ದುಡಿಯಬಲ್ಲ ನಾಲ್ವರಲ್ಲಿ ಒಬ್ಬರಿಗೆ ಉದ್ಯೋಗವಿರಲಿಲ್ಲ. ಸಾವಿರಾರು ಬ್ಯಾಂಕುಗಳು ಮುಳುಗಿದ್ದವು. ಎರಡೇ ದಿನಗಳಲ್ಲಿ ಅವರು ದೇಶದ ಬ್ಯಾಂಕುಗಳನ್ನೆಲ್ಲ ತಾತ್ಕಾಲಿಕವಾಗಿ ಮುಚ್ಚಿಸಿ, ಭದ್ರವಾದವುಗಳನ್ನು ಮಾತ್ರ ಮತ್ತೆ ತೆರೆಯುವ ಏರ್ಪಾಟು ಮಾಡಿದರು. ಮಾರ್ಚ್ 12ರಂದು ರೇಡಿಯೋ ಮೂಲಕ ಜನಸಾಮಾನ್ಯರಿಗೆ ತಿಳಿಯುವ ಮಾತುಗಳಲ್ಲಿ ಅದನ್ನು ವಿವರಿಸಿದರು. ಮನೆಯಲ್ಲಿ ಬಚ್ಚಿಟ್ಟ ಹಣವನ್ನು ಜನರು ಬ್ಯಾಂಕುಗಳಿಗೆ ಹಿಂದಕ್ಕೆ ತಂದರು.

ಅದೇ ವರ್ಷ ಠೇವಣಿಗಳಿಗೆ ವಿಮೆಯ ರಕ್ಷಣೆ ನೀಡುವ ಶಾಸನ ಬಂದಿತು. ನಿರುದ್ಯೋಗಿ ತರುಣರು ಸರ್ಕಾರದ ಕೂಲಿ ಪಡೆದು ಕಾಡುಗಳಲ್ಲಿ ಸಸಿ ನೆಟ್ಟರು. ಟೆನೆಸಿ ನದಿಯ ಕಣಿವೆಯಲ್ಲಿ ಅಣೆಕಟ್ಟುಗಳು ಎದ್ದವು. 1935ರ ಸಾಮಾಜಿಕ ಭದ್ರತಾ ಶಾಸನವು ವೃದ್ಧರಿಗೆ ವೇತನವನ್ನೂ ಕೆಲಸ ಕಳೆದುಕೊಂಡವರಿಗೆ ನೆರವನ್ನೂ ಒದಗಿಸಿತು. ಬಿದ್ದವನನ್ನು ಎತ್ತುವುದು ಭಿಕ್ಷೆಯಲ್ಲ, ಪ್ರಭುತ್ವದ ಕರ್ತವ್ಯ ಎಂಬ ನೀತಿ ಹೀಗೆ ಶಾಸನದ ರೂಪ ತಾಳಿತು.

ಆದರೆ ಗುಣವನ್ನು ಹೇಳಿ ದೋಷವನ್ನು ಮರೆಮಾಚುವುದು ಚರಿತ್ರೆಯಲ್ಲ, ಸ್ತುತಿಪಾಠ. ಆ ಶಾಸನದ ವೃದ್ಧಾಪ್ಯ ವೇತನವು ಹೊಲದಲ್ಲಿ ದುಡಿಯುವವರನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತು. ದುಡಿಯುವ ಕಪ್ಪು ಜನರಲ್ಲಿ ಬಹುಮಂದಿ ಈ ಕೆಲಸಗಳಲ್ಲಿಯೇ ಇದ್ದರು. 1937ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ತಮಗೆ ಬೇಕಾದ ಹೆಚ್ಚಿನ ನ್ಯಾಯಾಧೀಶರನ್ನು ಸೇರಿಸಲು ಯತ್ನಿಸಿ ಸೋತರು. ಅದೇ ವರ್ಷ ಸರ್ಕಾರದ ವೆಚ್ಚವನ್ನು ಅವಸರದಿಂದ ಕಡಿತಗೊಳಿಸಿದ್ದು ಮತ್ತೊಂದು ಕುಸಿತಕ್ಕೆ ಒಂದು ಮುಖ್ಯ ಕಾರಣವಾಯಿತು. ನಿರುದ್ಯೋಗ ಪೂರ್ತಿಯಾಗಿ ನೀಗಿದ್ದು ಯುದ್ಧಕಾಲದ ಉತ್ಪಾದನೆಯಿಂದ. 1942ರ ಫೆಬ್ರವರಿಯಲ್ಲಿ ಅವರು ಹೊರಡಿಸಿದ ಆಜ್ಞೆಯಿಂದ ಜಪಾನ್ ಮೂಲದ ಸುಮಾರು 1,20,000 ಮಂದಿ ಮನೆಮಠ ಕಳೆದುಕೊಂಡು ಶಿಬಿರಗಳಲ್ಲಿ ಬಂಧಿತರಾದರು; ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ. 1988ರಲ್ಲಿ ಆ ರಾಷ್ಟ್ರ ಈ ಅನ್ಯಾಯಕ್ಕಾಗಿ ಕ್ಷಮೆ ಯಾಚಿಸಿತು. ಭಾರತದ ಸ್ವಾತಂತ್ರ್ಯದ ಬಗ್ಗೆ ಅವರಿಗೆ ಸಹಾನುಭೂತಿಯಿದ್ದು, 1942ರಲ್ಲಿ ದೆಹಲಿಗೆ ತಮ್ಮ ಪ್ರತಿನಿಧಿಯನ್ನು ಕಳುಹಿಸಿದ್ದರು. ಆದರೂ ಬ್ರಿಟನ್ನಿನ ಮೈತ್ರಿಗೆ ಭಂಗ ಬರುವಷ್ಟು ಒತ್ತಾಯಿಸಲಿಲ್ಲ.

ಒಮ್ಮೆ ಅವರನ್ನು ಹದಗೊಳಿಸಿದ ರೋಗವೇ ಕೊನೆಗಾಲದಲ್ಲಿ ಬೇರೊಂದು ರೂಪದಿಂದ ಅವರನ್ನು ಪರೀಕ್ಷಿಸಿತು. 1944ರ ಮಾರ್ಚಿನಲ್ಲಿ ವೈದ್ಯರು ಅವರಲ್ಲಿ ತೀವ್ರ ರಕ್ತದೊತ್ತಡವನ್ನೂ ಹೃದಯದ ದೌರ್ಬಲ್ಯವನ್ನೂ ಕಂಡರು. ಪ್ರಜೆಗಳಿಗೆ ಅದನ್ನು ತಿಳಿಸಲಿಲ್ಲ. ನವೆಂಬರಿನಲ್ಲಿ ನಾಲ್ಕನೆಯ ಬಾರಿ ಗೆದ್ದರು. 1945ರ ಏಪ್ರಿಲ್ 12ರಂದು ವಾರ್ಮ್ ಸ್ಪ್ರಿಂಗ್ಸ್‌ನಲ್ಲಿಯೇ ಮೆದುಳಿನ ರಕ್ತಸ್ರಾವದಿಂದ ನಿಧನರಾದರು. ಅವರ ಸ್ಥಾನಕ್ಕೆ ಬಂದ ಟ್ರೂಮನ್ ಅವರಿಗೆ ಪರಮಾಣು ಬಾಂಬಿನ ಯೋಜನೆಯ ವಿವರಗಳೇ ಗೊತ್ತಿರಲಿಲ್ಲ. ಕಾಲುಗಳ ಊನವನ್ನು ಜನರ ಕಣ್ಣಿಗೆ ಬೀಳದಂತೆ ಇಟ್ಟದ್ದು ಆತ್ಮಗೌರವದ ಮಾತು. ರಾಜ್ಯದ ಹೊಣೆ ಹೊತ್ತ ಹೃದಯದ ವ್ಯಾಧಿಯನ್ನು ಮರೆಮಾಡಿದ್ದು ಹಾಗಲ್ಲ. ಒಬ್ಬರು ಎರಡು ಬಾರಿಗಿಂತ ಹೆಚ್ಚು ಅಧ್ಯಕ್ಷರಾಗಿ ಆಯ್ಕೆಯಾಗಕೂಡದೆಂಬ ಸಂವಿಧಾನದ ತಿದ್ದುಪಡಿ 1951ರಲ್ಲಿ ಬಂದಿತು.

ಹಾಗಾದರೆ ಈ ಮಹನೀಯರನ್ನು ತೂಗುವುದು ಹೇಗೆ? ರೋಗಿಯೆಂಬ ಮರುಕದಿಂದ ತಪ್ಪುಗಳನ್ನು ಮನ್ನಿಸಬೇಕಾಗಿಲ್ಲ. ತಪ್ಪುಗಳನ್ನು ಕಂಡು ಉಪಕಾರವನ್ನು ಅಲ್ಲಗಳೆಯಬೇಕಾಗಿಯೂ ಇಲ್ಲ. 1938ರಲ್ಲಿ ಅವರು ಸ್ಥಾಪಿಸಿದ ಪೋಲಿಯೋ ನಿವಾರಣಾ ಪ್ರತಿಷ್ಠಾನಕ್ಕೆ ಸಾಮಾನ್ಯ ಜನರು ಚಿಲ್ಲರೆ ನಾಣ್ಯಗಳನ್ನು ಕಳುಹಿಸಿದರು. ಆ ಹಣದ ನೆರವಿನಿಂದ ಸಿದ್ಧವಾದ ಸಾಲ್ಕ್ ಅವರ ಲಸಿಕೆ ಫಲಕಾರಿಯೆಂದು ಘೋಷಿತವಾದದ್ದು 1955ರ ಏಪ್ರಿಲ್ 12ರಂದು, ಅವರು ತೀರಿಕೊಂಡ ಹತ್ತನೆಯ ವರ್ಷದ ಅದೇ ದಿನ.

1997ರಲ್ಲಿ ವಾಷಿಂಗ್ಟನ್ ನಗರದಲ್ಲಿ ಅವರ ಸ್ಮಾರಕ ಉದ್ಘಾಟನೆಯಾದಾಗ, ಅಲ್ಲಿನ ದೊಡ್ಡ ಪ್ರತಿಮೆಯಲ್ಲಿ ಅವರ ಕುರ್ಚಿ ನಿಲುವಂಗಿಯ ಮರೆಯಲ್ಲಿತ್ತು. ಅಂಗವಿಕಲರ ಒತ್ತಾಯದ ಫಲವಾಗಿ, ಗಾಲಿಕುರ್ಚಿಯಲ್ಲಿ ಕುಳಿತ ಅವರ ಇನ್ನೊಂದು ಪ್ರತಿಮೆಯನ್ನು 2001ರಲ್ಲಿ ಪ್ರವೇಶದ್ವಾರದ ಬಳಿಯಲ್ಲಿ ಸ್ಥಾಪಿಸಲಾಯಿತು. ಜೀವಿತಕಾಲದಲ್ಲಿ ಅವರು ಮರೆಮಾಡಿದ್ದನ್ನು ಮುಂದಿನ ಪೀಳಿಗೆ ಎಲ್ಲರೂ ಕಾಣುವಂತೆ ಇರಿಸಿತು. ಅದರಿಂದ ಅವರ ಗೌರವಕ್ಕೆ ಕುಂದು ಬರಲಿಲ್ಲ.