ಉಪ್ಪುನೀರಿನಲ್ಲಿ ಕಾಲಿಟ್ಟು ನಿಂತ ಬುಲ್‌ಡಾಗ್: ಜಗತ್ತಿನ ಮೊದಲ ಇಸಿಜಿ ನಾಯಿಯದ್ದೇ?

ಒಂದು ಹಳೇ ಕಪ್ಪು-ಬಿಳುಪು ಚಿತ್ರ ನಿಮ್ಮ ಫೋನಿಗೂ ಬಂದಿರಬಹುದು. ದಪ್ಪ ಮೂತಿಯ ಬುಲ್‌ಡಾಗ್ ಒಂದು ಸುಮ್ಮನೆ ನಿಂತಿದೆ. ಅದರ ಮುಂಗಾಲೊಂದು, ಹಿಂಗಾಲೊಂದು ನೀರು ತುಂಬಿದ ಗಾಜಿನ ಪಾತ್ರೆಗಳಲ್ಲಿವೆ. ಪಾತ್ರೆಗಳಿಂದ ತಂತಿ ಹೊರಟು ಯಾವುದೋ ಯಂತ್ರಕ್ಕೆ ಹೋಗಿದೆ. ಇಂಥ ಚಿತ್ರದ ಜೊತೆ ಎರಡು ಮಾತು ಸುಲಭವಾಗಿ ಅಂಟಿಕೊಳ್ಳುತ್ತವೆ. ಜಗತ್ತಿನ ಮೊದಲ ಇಸಿಜಿ ಈ ನಾಯಿಯದ್ದು ಎನ್ನುವುದು ಒಂದು. ಪಾಪದ ಪ್ರಾಣಿಗೆ ಕರೆಂಟ್ ಶಾಕ್ ಕೊಟ್ಟು ಪ್ರಯೋಗ ಮಾಡಿದರು ಎನ್ನುವುದು ಇನ್ನೊಂದು.

ಎರಡೂ ತಪ್ಪು. ಆದರೆ ನಾಯಿ ನಿಜ, ಪಾತ್ರೆ ನಿಜ, ಅದರ ಬಗ್ಗೆ ಬ್ರಿಟನ್ನಿನ ಸಂಸತ್ತಿನಲ್ಲಿ ಚರ್ಚೆಯಾಗಿದ್ದೂ ನಿಜ. ನಾಯಿಯ ಹೆಸರು ಜಿಮ್ಮಿ. ಅದರ ಯಜಮಾನ ಆಗಸ್ಟಸ್ ವಾಲರ್. ಇವತ್ತು ನಾಯಿ-ಬೆಕ್ಕುಗಳ ಹೃದ್ರೋಗವನ್ನೇ ವರ್ಷಗಟ್ಟಲೆ ಓದಿ ತಜ್ಞರಾಗುವ ಪಶುವೈದ್ಯರಿದ್ದಾರೆ. ಅವರು ದಿನಾ ಬಳಸುವ ಇಸಿಜಿಯ ಬೇರು ಹುಡುಕಿದರೆ ನಾವು ಬಂದು ನಿಲ್ಲುವುದು ಈ ಇಬ್ಬರ ಮುಂದೆ.

ವಾಲರ್ ಹುಟ್ಟಿದ್ದು 1856ರಲ್ಲಿ, ಪ್ಯಾರಿಸ್‌ನಲ್ಲಿ. ತಂದೆಯೂ ಹೆಸರಾಂತ ವಿಜ್ಞಾನಿ. ಕತ್ತರಿಸಿದ ನರ ಹೇಗೆ ಸಾಯುತ್ತದೆ ಎಂದು ತೋರಿಸಿಕೊಟ್ಟವರು. ವೈದ್ಯ ವಿದ್ಯಾರ್ಥಿಗಳು ಇಂದಿಗೂ ಓದುವ ವಾಲೇರಿಯನ್ ಡಿಜೆನರೇಶನ್ ಎಂಬ ಹೆಸರು ಬಂದಿದ್ದು ತಂದೆಯಿಂದ, ಮಗನಿಂದಲ್ಲ. ತಂದೆ ತೀರಿಕೊಂಡಾಗ ಹುಡುಗನಿಗೆ 14 ವರ್ಷ. ಮುಂದೆ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ವೈದ್ಯಕೀಯ ಓದಿ, ಜರ್ಮನಿಯ ಲೈಪ್ಸಿಗ್‌ನಲ್ಲಿ ಆ ಕಾಲದ ದೊಡ್ಡ ಶರೀರಶಾಸ್ತ್ರಜ್ಞ ಕಾರ್ಲ್ ಲುಡ್ವಿಗ್ ಅವರ ಬಳಿ ಕೆಲಸ ಕಲಿತರು. ಆಮೇಲೆ ಲಂಡನ್ನಿನ ಮಹಿಳಾ ವೈದ್ಯಕೀಯ ಶಾಲೆಯಲ್ಲಿ ಪಾಠ ಹೇಳುವಾಗ ಪರಿಚಯವಾದ ವಿದ್ಯಾರ್ಥಿನಿ ಆಲಿಸ್ ಪಾಮರ್ ಅವರನ್ನು 1885ರಲ್ಲಿ ಮದುವೆಯಾದರು. ಆಲಿಸ್ ಅವರ ತಂದೆ ಹಂಟ್ಲಿ ಅಂಡ್ ಪಾಮರ್ಸ್ ಬಿಸ್ಕತ್ ಕಂಪನಿಯ ಜಾರ್ಜ್ ಪಾಮರ್. ಹೀಗಾಗಿ ದಂಪತಿಗೆ ಹಣದ ಚಿಂತೆ ಇರಲಿಲ್ಲ. ಲಂಡನ್ನಿನ ಮನೆಯಲ್ಲೇ ಪ್ರಯೋಗಾಲಯ ಇಟ್ಟುಕೊಂಡರು, ಆಲಿಸ್ ಅಲ್ಲಿ ಗಂಡನ ಜೊತೆ ಸಂಶೋಧನೆ ಮಾಡಿದರು. ಬುಲ್‌ಡಾಗ್‌ಗಳೂ ಆ ಮನೆಯವೇ.

ಹೃದಯ ಪ್ರತಿ ಬಡಿತಕ್ಕೂ ಸಣ್ಣ ವಿದ್ಯುತ್ ಹೊಮ್ಮಿಸುತ್ತದೆ ಎಂಬುದು ಆಗಲೇ ಗೊತ್ತಿತ್ತು. ಆದರೆ ಅದನ್ನು ನೋಡಲು ಪ್ರಾಣಿಯ ಎದೆ ಬಗೆದು ಹೃದಯಕ್ಕೇ ತಂತಿ ತಾಗಿಸಬೇಕಿತ್ತು. ಮೈ ಕೊಯ್ಯದೆ ಚರ್ಮದ ಮೇಲಿಂದಲೇ ಹಿಡಿಯಬಹುದಲ್ಲವೇ ಎಂದು ಯೋಚಿಸಿದವರು ವಾಲರ್. ನಮ್ಮ ಮೈಯೊಳಗೆಲ್ಲ ಉಪ್ಪುನೀರು ಇರುವುದರಿಂದ ಹೃದಯದ ವಿದ್ಯುತ್ತು ಕೈಕಾಲಿನ ತುದಿವರೆಗೂ ಹರಡಿರುತ್ತದೆ ಎಂಬುದು ಅವರ ಲೆಕ್ಕಾಚಾರ.

ಅವರ ಬಳಿ ಇದ್ದ ಉಪಕರಣ ಈಗ ನೋಡಿದರೆ ಆಟಿಕೆಯಂತೆ ಕಾಣುತ್ತದೆ. ಕೂದಲೆಳೆಯಂಥ ಗಾಜಿನ ಕೊಳವೆ, ಒಳಗೆ ಪಾದರಸ, ಅದರ ಮೇಲೆ ಆಮ್ಲ. ವಿದ್ಯುತ್ ಸ್ವಲ್ಪ ಏರುಪೇರಾದರೂ ಪಾದರಸದ ಅಂಚು ಮೇಲೆ ಕೆಳಗೆ ಅಲುಗುತ್ತದೆ. ಆ ಅಲುಗಾಟದ ನೆರಳನ್ನು ದೊಡ್ಡದು ಮಾಡಿ, ಚಲಿಸುವ ಫೋಟೋ ಗಾಜಿನ ಮೇಲೆ ಬೀಳಿಸಬೇಕು. ಗಾಜನ್ನು ಒಂದೇ ವೇಗದಲ್ಲಿ ಸಾಗಿಸಲು ವಾಲರ್ ಮಕ್ಕಳ ಆಟಿಕೆ ರೈಲಿನ ಬಂಡಿ ಬಳಸಿದರು! 1887ರಲ್ಲಿ ಸೇಂಟ್ ಮೇರೀಸ್ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಹೀಗೆ ಮೊದಲ ಬಾರಿಗೆ ಮನುಷ್ಯ ಹೃದಯದ ವಿದ್ಯುತ್ ಗೆರೆ ದಾಖಲಾಯಿತು. ಎದೆಯ ಮುಂದೊಂದು, ಬೆನ್ನಿಗೊಂದು ಪಟ್ಟಿ ಕಟ್ಟಿಸಿಕೊಂಡು ನಿಂತಿದ್ದವರು ಅದೇ ಪ್ರಯೋಗಾಲಯದ ಸಹಾಯಕ ಥಾಮಸ್ ಗಾಸ್‌ವೆಲ್. ಆ ವರ್ಷ ಪ್ರಕಟವಾದ ವರದಿಯ ತಲೆಬರಹದಲ್ಲೇ ಇದು ಮನುಷ್ಯನ ಮೇಲೆ ನಡೆದ ಪ್ರಯೋಗ ಎಂದಿದೆ.

ಹಾಗಾದರೆ ಜಿಮ್ಮಿ? ನಾಯಿಯ ಚಿತ್ರ ಸುದ್ದಿಯಾಗಿದ್ದು 1909ರಲ್ಲಿ. ಬುಲ್‌ಡಾಗ್ ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು ಬದುಕುವ ತಳಿ. ಮೊದಲ ಇಸಿಜಿ ದಾಖಲಾದಾಗ 1909ರ ಈ ನಾಯಿ ಹುಟ್ಟೇ ಇರಲಿಲ್ಲ. ಮೊದಲ ತಪ್ಪು ಮಾತಿಗೆ ಇಷ್ಟು ಉತ್ತರ ಸಾಕು.

ಎರಡನೆಯದು ಹೆಚ್ಚು ಸ್ವಾರಸ್ಯದ್ದು.

ನಾಯಿಗೆ ನೋವಾಯಿತೇ?

1909ರ ಬೇಸಿಗೆಯಲ್ಲಿ ರಾಯಲ್ ಸೊಸೈಟಿಯ ಪ್ರದರ್ಶನವೊಂದಕ್ಕೆ ವಾಲರ್ ಜಿಮ್ಮಿಯನ್ನು ಕರೆದೊಯ್ದರು. ಜಿಮ್ಮಿ ಉಪ್ಪುನೀರಿನಲ್ಲಿ ಕಾಲಿಟ್ಟು ನಿಂತಿತು, ಅದರ ಎದೆಬಡಿತ ನೆರೆದ ಗಣ್ಯರೆದುರು ಗೆರೆಯಾಗಿ ಮೂಡಿತು. ಲಂಡನ್ನಿನ ಸಚಿತ್ರ ವಾರಪತ್ರಿಕೆ ಇದನ್ನು ಅಚ್ಚು ಹಾಕಿತು. ಸಮಯ ಮಾತ್ರ ಸೂಕ್ಷ್ಮವಾಗಿತ್ತು. 1903ರಲ್ಲಿ ಲಂಡನ್ನಿನ ಒಂದು ತರಗತಿಯಲ್ಲಿ ಕಂದು ಬಣ್ಣದ ನಾಯಿಯೊಂದನ್ನು ಜೀವಂತ ಕೊಯ್ದ ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತ್ತು. ಆ ನಾಯಿಗೆ 1906ರಲ್ಲಿ ಸ್ಮಾರಕ ಎದ್ದಿತು, 1907ರಲ್ಲಿ ಅದನ್ನು ಒಡೆಯಲು ಹೊರಟ ವೈದ್ಯ ವಿದ್ಯಾರ್ಥಿಗಳಿಂದ ಬೀದಿ ಗಲಾಟೆಗಳಾದವು. ಜನರ ಆ ಸಿಟ್ಟು ಪೊಳ್ಳೇನೂ ಆಗಿರಲಿಲ್ಲ ಎಂದು ನಮಗನಿಸುತ್ತದೆ.

ಹೀಗಿರುವಾಗ ನಾಯಿ, ತಂತಿ, ಪಾತ್ರೆಯ ಚಿತ್ರ ಕಂಡರೆ ಪ್ರಶ್ನೆ ಏಳಲೇಬೇಕಲ್ಲ. ಪ್ರಾಣಿಹಿಂಸೆ ತಡೆಯಲು 1876ರಲ್ಲಿ ಬಂದ ಕಾಯಿದೆಯನ್ನು ಇಲ್ಲಿ ಮುರಿಯಲಾಗಿದೆಯೇ ಎಂದು ಸಂಸತ್ತಿನಲ್ಲಿ ಕೇಳಲಾಯಿತು. ಗೃಹಮಂತ್ರಿ ಹರ್ಬರ್ಟ್ ಗ್ಲಾಡ್‌ಸ್ಟನ್ ಕೊಟ್ಟ ಉತ್ತರದಲ್ಲಿ ತುಂಟತನವಿತ್ತು. ನೀರಿಗೆ ಹಾಕಿದ್ದು ಬರೀ ಅಡುಗೆ ಉಪ್ಪು, ಸಮುದ್ರದಲ್ಲಿ ಕಾಲಾಡಿಸಿದವರಿಗೆ ಅದರ ಅನುಭವ ಹೇಗಿರುತ್ತದೆಂದು ಗೊತ್ತು ಎಂದರು. ನಾಯಿಯನ್ನು ಕಟ್ಟಿರಲಿಲ್ಲ, ಬಾಯಿಗೆ ಕುಕ್ಕೆ ಹಾಕಿರಲಿಲ್ಲ. ನೋವಾಗಿದ್ದರೆ ಅದರ ಬಿಸಿ ಮೊದಲು ತಟ್ಟುತ್ತಿದ್ದುದು ಪಕ್ಕದಲ್ಲಿ ನಿಂತವರಿಗೇ ಎಂದೂ ವಿವರಿಸಿದರು.

ವಿಜ್ಞಾನವೂ ಇದನ್ನೇ ಹೇಳುತ್ತದೆ. ಇಸಿಜಿ ಯಂತ್ರ ಮೈಯೊಳಗೆ ಕರೆಂಟ್ ಹರಿಸಿ ಅಳೆಯುವುದಿಲ್ಲ. ಹೃದಯ ತಾನೇ ಹೊಮ್ಮಿಸುವ, ಚರ್ಮದ ಮೇಲೆ ಹೆಚ್ಚುಕಡಿಮೆ ಒಂದು ಮಿಲಿವೋಲ್ಟಿನಷ್ಟು ಮಾತ್ರ ಸಿಗುವ ವಿದ್ಯುತ್ತನ್ನು ಓದಿಕೊಳ್ಳುತ್ತದೆ. ನಿಮ್ಮ ಮನೆಯ ಹಿರಿಯರು ಇಸಿಜಿ ಎಂದರೆ ಶಾಕ್ ಎಂದು ಹೆದರುವುದಾದರೆ ಇದನ್ನು ಅವರಿಗೂ ಹೇಳಿ. ಹಾಗೆಂದು ವಾಲರ್ ಪ್ರಾಣಿ ಪ್ರಯೋಗವನ್ನೇ ಬಿಟ್ಟವರಲ್ಲ. ಕಪ್ಪೆಯ ನರಗಳ ಮೇಲೆ ಅವರ ಕೆಲಸ ಬಹಳ ಇದೆ. ಜಿಮ್ಮಿ ಪ್ರಸಂಗ ನೋವಿಲ್ಲದ್ದು ಎಂಬುದಷ್ಟೇ ನಮ್ಮ ಮಾತು.

ಭಾರತದವರಿಗೆ ವಾಲರ್ ಹೆಸರು ಇನ್ನೊಂದು ಕಡೆ ಸಿಗುತ್ತದೆ. ಗಿಡಗಳ ವಿದ್ಯುತ್ ಸ್ಪಂದನವನ್ನು ಮೊದಲು ತೋರಿಸಿದ್ದು ಯಾರು ಎಂಬ ವಿಷಯದಲ್ಲಿ 1901ರ ಹೊತ್ತಿಗೆ ಅವರಿಗೂ ಜಗದೀಶ್ ಚಂದ್ರ ಬೋಸ್ ಅವರಿಗೂ ಜಟಾಪಟಿಯಾಗಿತ್ತು. ಬೋಸ್ ಅವರ ಪ್ರಬಂಧವನ್ನು ಮರುವರ್ಷ ಲಿನಿಯನ್ ಸೊಸೈಟಿ ಪ್ರಕಟಿಸಿತು. ಆ ಕತೆ ಬೇರೆಯೇ ಇದೆ, ಇನ್ನೊಮ್ಮೆ ನೋಡೋಣ.

ಕೈತಪ್ಪಿದ ಹಿರಿಮೆ

1889ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ನಡೆದ ಸಮ್ಮೇಳನದಲ್ಲಿ ವಾಲರ್ ತಮ್ಮ ವಿಧಾನ ತೋರಿಸಿದಾಗ ನೋಡುತ್ತಿದ್ದವರಲ್ಲಿ ಹಾಲೆಂಡಿನ ವಿಲ್ಲೆಮ್ ಐಂಥೋವನ್ ಒಬ್ಬರು. ಪಾದರಸದ ಗೆರೆ ಮಸುಕು, ಮಂದ. ಐಂಥೋವನ್ ಹತ್ತು ವರ್ಷಕ್ಕೂ ಹೆಚ್ಚು ಕಾಲ ಇದರ ಬೆನ್ನುಬಿದ್ದು, ಅಯಸ್ಕಾಂತದ ನಡುವೆ ತೆಳ್ಳನೆ ಎಳೆ ಕಟ್ಟಿದ ಹೊಸ ಯಂತ್ರ ತಂದರು. ಅದರ ತೂಕ ಸುಮಾರು 270 ಕಿಲೋ. ಅಲೆಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಎಂದು ಹೆಸರಿಟ್ಟವರೂ ಅವರೇ. ಆಗಲೂ ರೋಗಿ ಕೈಕಾಲನ್ನು ಉಪ್ಪುನೀರಿನ ಪಾತ್ರೆಯಲ್ಲೇ ಇಡಬೇಕಿತ್ತು, ಜಿಮ್ಮಿಯಂತೆ.

ವಾಲರ್ ಅವರಿಗೋ, ತಾವು ಶುರುಮಾಡಿದ್ದರ ಮೇಲೆ ತಮಗೇ ಪೂರ್ತಿ ನಂಬಿಕೆ ಇರಲಿಲ್ಲ. ಆಸ್ಪತ್ರೆಗಳಲ್ಲಿ ಇದು ವ್ಯಾಪಕವಾಗಿ ಬಳಕೆಗೆ ಬರುವುದು ಅನುಮಾನ ಎಂದು 1911ರಲ್ಲೂ ಹೇಳುತ್ತಿದ್ದರು. ಆದರೆ ಕೆಲಸ ನಿಲ್ಲಿಸಲಿಲ್ಲ. 1917ರಲ್ಲಿ 2000 ಇಸಿಜಿಗಳ ಸಮೀಕ್ಷೆಯನ್ನು ಮುಂದಿಟ್ಟರು. 1922ರ ಮಾರ್ಚ್‌ನಲ್ಲಿ ತೀರಿಕೊಂಡರು. ಎರಡು ವರ್ಷದ ನಂತರ ಇಸಿಜಿಗಾಗಿ ಐಂಥೋವನ್ ಅವರಿಗೆ ನೊಬೆಲ್ ಬಂತು. ಸತ್ತವರಿಗೆ ಆ ಬಹುಮಾನ ಕೊಡುವ ಪದ್ಧತಿ ಇಲ್ಲ.

ನಾಯಿಗಳ ಸರದಿ

ಜಿಮ್ಮಿ ಅಷ್ಟು ಮುಂಚೆಯೇ ನಿಂತು ತೋರಿಸಿದ್ದರೂ ಯಂತ್ರ ಮೊದಲು ಹೋಗಿದ್ದು ಮನುಷ್ಯರ ಆಸ್ಪತ್ರೆಗೆ. ನಾಯಿಯ ಹೃದ್ರೋಗ ನಾಯಿಗೋಸ್ಕರವೇ ಒಂದು ಶಾಸ್ತ್ರವಾಗಿ ಬೆಳೆಯಲು ದಶಕಗಳು ಬೇಕಾದವು. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಡೆಟ್‌ವೈಲರ್ ಮತ್ತು ಸಂಗಡಿಗರು ಸಾವಿರಾರು ನಾಯಿಗಳನ್ನು ಪರೀಕ್ಷಿಸಿ, ಯಾವ ಹೃದಯ ಕಾಯಿಲೆ ಎಷ್ಟರಮಟ್ಟಿಗೆ ಇದೆ ಎಂದು ಲೆಕ್ಕ ಹಾಕಿದರು. ಅಲ್ಲಿ ಇಂದು ಪಶುವೈದ್ಯ ಪದವಿಯ ನಂತರ ಸಾಮಾನ್ಯವಾಗಿ ಒಂದು ವರ್ಷ ಇಂಟರ್ನ್‌ಶಿಪ್, ಮೂರು ವರ್ಷ ಹೃದ್ರೋಗದ ತರಬೇತಿ, ಮೇಲೆ ಪರೀಕ್ಷೆ ಮುಗಿಸಿದರೆ ತಜ್ಞರೆಂಬ ಮಾನ್ಯತೆ. ನಮ್ಮಲ್ಲಿ ಐದೂವರೆ ವರ್ಷದ ಪದವಿ ಮುಗಿಸಿ ಎಂ.ವಿ.ಎಸ್ಸಿ. ಮಾಡುವಾಗ ಇದರ ಆಳಕ್ಕಿಳಿಯುತ್ತಾರೆ.

ಇಷ್ಟು ಓದು ಯಾಕೆ ಬೇಕೆಂದರೆ ನಾಯಿ ಮನುಷ್ಯನ ಸಣ್ಣ ಪ್ರತಿಯಲ್ಲ. ಉಸಿರಿನ ಜೊತೆ ನಾಯಿಯ ಎದೆಬಡಿತ ಏರಿಳಿಯುವುದು ಬಹುಪಾಲು ಸಹಜ. ಅನುಭವ ಇಲ್ಲದವರು ಅದನ್ನು ರೋಗವೆಂದುಕೊಂಡಾರು. ಬೆಕ್ಕಿನ ಅಲೆಗಳು ತೀರಾ ಚಿಕ್ಕವು, ಸಾಲದ್ದಕ್ಕೆ ಅದು ಗುರ್ ಗುರ್ ಎನ್ನತೊಡಗಿದರೆ ಸ್ಟೆತಸ್ಕೋಪಿನಲ್ಲಿ ಬೇರೇನೂ ಕೇಳಿಸದು. ಆಗ ವೈದ್ಯರು ಪಕ್ಕದ ನಲ್ಲಿ ತಿರುಗಿಸುವುದುಂಟು, ನೀರಿನ ಸದ್ದಿಗೆ ಬೆಕ್ಕು ಸುಮ್ಮನಾಗುತ್ತದೆ! ರಕ್ತನಾಳ ಕಟ್ಟಿಕೊಂಡು ಆಗುವ ನಮ್ಮಂಥ ಹಾರ್ಟ್ ಅಟ್ಯಾಕ್ ನಾಯಿಗಳಲ್ಲಿ ಅಪರೂಪ. ಸಣ್ಣ ತಳಿಗಳಿಗೆ ವಯಸ್ಸಾದಂತೆ ಕವಾಟ ಸೋರುತ್ತದೆ, ಡಾಬರ್‌ಮನ್‌ನಂಥವಕ್ಕೆ ಹೃದಯದ ಸ್ನಾಯು ಸೋಲುತ್ತದೆ, ಬೆಕ್ಕುಗಳಲ್ಲಿ ಅದೇ ಸ್ನಾಯು ದಪ್ಪವಾಗುತ್ತದೆ. ಜಿಮ್ಮಿಯ ತಳಿಯಲ್ಲಿ ಶ್ವಾಸಕೋಶಕ್ಕೆ ಹೋಗುವ ಕವಾಟ ಹುಟ್ಟಿನಿಂದಲೇ ಕಿರಿದಾಗಿರುವ ತೊಂದರೆ ಇತರ ಹಲವು ತಳಿಗಳಿಗಿಂತ ಹೆಚ್ಚು. ಇವುಗಳಲ್ಲಿ ಬಹಳಷ್ಟನ್ನು ಪತ್ತೆ ಮಾಡಲು ಇಸಿಜಿ ಒಂದೇ ಸಾಲದು, ಎಕೋ ಬೇಕು.

ಆದ್ದರಿಂದ ನಾಯಿಗೆ ಹಾರ್ಟ್ ಅಟ್ಯಾಕ್ ಆದರೆ ಮನೆಯಲ್ಲಿರುವ ಮಾತ್ರೆ ಕೊಡಿ ಎನ್ನುವ ಸಂದೇಶ ಬಂದರೆ ಮುಂದೆ ಕಳಿಸಬೇಡಿ. ಮನುಷ್ಯರ ಮಾತ್ರೆಗಳಲ್ಲಿ ಕೆಲವು ಇವಕ್ಕೆ ವಿಷ. ಪ್ಯಾರಸಿಟಮಾಲ್ ಒಂದೇ ಬೆಕ್ಕಿನ ಜೀವ ತೆಗೆಯಬಲ್ಲದು. ಬದಲಿಗೆ ನಿಮ್ಮ ನಾಯಿ ಅಥವಾ ಬೆಕ್ಕು ಗಾಢ ನಿದ್ದೆಯಲ್ಲಿರುವಾಗ ಎದೆ ಮೇಲೇರಿ ಇಳಿಯುವುದನ್ನು ಒಂದು ಉಸಿರು ಎಂದು ಲೆಕ್ಕ ಹಿಡಿದು, ಮೊಬೈಲ್ ಟೈಮರ್ ಇಟ್ಟು ಒಂದು ನಿಮಿಷ ಎಣಿಸಿ. ದಿನಾ ಎಣಿಸಿದಾಗಲೂ 30ಕ್ಕಿಂತ ಹೆಚ್ಚೇ ಬರುತ್ತಿದ್ದರೆ ಪಶುವೈದ್ಯರಿಗೆ ತೋರಿಸಿ, ಬರೆದಿಟ್ಟ ಲೆಕ್ಕವನ್ನೂ ಜೊತೆಗೆ ಒಯ್ಯಿರಿ.